ಕಬ್ಬಿಣದ ನೇಗಿಲು ಮಣ್ಣಿಗೆ ವಿಷವೆ?

ಮುಂಗಾರಿನ ಮೊದಲ ಮಳೆ ಬಿದ್ದು ಎರಡು ದಿನಗಳಾಗಿದ್ದುವು. ಸಂಡೂರು ತಾಲ್ಲೂಕಿನ ಬಂಡ್ರಿಯಲ್ಲಿ ಪರಿಚಿತರೊಬ್ಬರ ಮನೆಗೆ ನಾವು ಹೋಗಿದ್ದೆವು. ಹೊಲಗಳಲ್ಲಿ ಟ್ರ್ಯಾಕ್ಟರುಗಳು ಕೆಲಸ ಪ್ರಾರಂಭಿಸಿದ್ದುವು. ಮಗುಚಿ ಬಿದ್ದ ಮಣ್ಣು ಹಸಿಯಾಗಿ, ಕುಂಕುಮವನ್ನು ಕಲಸಿಟ್ಟಂತೆ ಕೆಂಪಾಗಿ ತೋರುತ್ತಿತ್ತು. ಮನೆಯ ಹಿತ್ತಿಲಿನ ಕೊಟ್ಟಿಗೆಯ ಗೋಡೆಗೆ ಒಂದು ಹಳೆಯ ಕಬ್ಬಿಣದ ನೇಗಿಲು ಒರಗಿಕೊಂಡಿತ್ತು. ಅದರ ಮೈಯೆಲ್ಲ ತುಕ್ಕು. ನಾವು ಅದನ್ನೇ ನೋಡುತ್ತಿದ್ದುದನ್ನು ಕಂಡು ಮನೆಯ ಯಜಮಾನರು, "ನಮ್ಮ ಅಜ್ಜನ ಕಾಲದ್ದು ಸರ್. ಎತ್ತು ಮಾರಿ ಬಾಳ ದಿನ ಆತು. ಗುಜರಿಯವರು ಕೇಳ್ತಾರ, ಕೊಡಾಕ ಮನಸ್ಸು ಬರವಲ್ದು" ಎಂದರು.

ನಮ್ಮ ಚೀಲದಲ್ಲಿ ಪ್ರಯೋಗಶಾಲೆಯ ಒಂದು ಅಯಸ್ಕಾಂತವಿತ್ತು. ಅದನ್ನು ಒಣಗಿದ ಮಣ್ಣಿನಲ್ಲಿ ಒಂದೆರಡು ಸಲ ಎಳೆದಾಡಿ ಮೇಲೆತ್ತಿದಾಗ ಅದರ ತುದಿಗಳಿಗೆ ಕಪ್ಪು ಹುಡಿಯು ಮೀಸೆಯಂತೆ ಅಂಟಿಕೊಂಡಿತ್ತು. ಮನೆಯ ಮಕ್ಕಳು ಸುತ್ತ ನೆರೆದರು. ಮಣ್ಣಿಗೆ ಕೆಂಪು ಬಣ್ಣವನ್ನು ಕೊಡುವುದು ಕಬ್ಬಿಣ ಮತ್ತು ಆಮ್ಲಜನಕಗಳ ಸಂಯುಕ್ತ. ಅದು ಅಯಸ್ಕಾಂತಕ್ಕೆ ಬಹು ದುರ್ಬಲವಾಗಿ ಮಾತ್ರ ಆಕರ್ಷಿತವಾಗುತ್ತದೆ. ಅಂಟಿಕೊಂಡ ಕಪ್ಪು ಕಣಗಳಾದರೋ ಬಹುಮಟ್ಟಿಗೆ ಮ್ಯಾಗ್ನಟೈಟ್ ಎಂಬ ಇನ್ನೊಂದು ಕಬ್ಬಿಣದ ಖನಿಜ. ಅಂತೂ ಈ ನೆಲದಲ್ಲಿ ಕಬ್ಬಿಣವಿಲ್ಲದ ಹಿಡಿ ಮಣ್ಣನ್ನು ಹುಡುಕುವುದೇ ಕಷ್ಟ.

ಇಂತಹ ಮಣ್ಣಿನ ಮೇಲೆ ನಿಂತು ನಾವು ಒಂದು ವಿಚಿತ್ರ ಸಂಗತಿಯನ್ನು ನೆನೆದೆವು. ಸುಮಾರು 120 ವರ್ಷಗಳ ಹಿಂದೆ, ಕಬ್ಬಿಣದ ನೇಗಿಲಿನಿಂದ ಉತ್ತರೆ ಮಣ್ಣಿಗೆ ವಿಷವೇರುತ್ತದೆಂದು ರೈತರು ಭಯಪಟ್ಟಿದ್ದರು. ಆ ಭಯವನ್ನು ಎದುರಿಸಿ, ವರ್ಷಗಟ್ಟಲೆ ಕಾದು, ಕೊನೆಗೆ ಅದನ್ನು ಗೆದ್ದವರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್. ಅವರ ಜೀವನಚರಿತ್ರೆಯು ಒಬ್ಬ ಉದ್ಯಮಿಯ ಯಶಸ್ಸಿನ ಕಥೆ ಮಾತ್ರವಲ್ಲ. ಒಂದು ಉಪಕರಣವು ಯಾವಾಗ ಪೂರ್ಣವಾಗುತ್ತದೆ ಎಂಬ ಪ್ರಶ್ನೆಗೆ ಅದು ಉತ್ತರವೂ ಹೌದು.

ಬಣ್ಣದಿಂದ ರೇಖೆಗೆ

ಲಕ್ಷ್ಮಣರಾಯರು 1869ನೆಯ ಇಸವಿ ಜೂನ್ 20ರಂದು ಜನಿಸಿದರು. ಮನೆಮಾತು ಮರಾಠಿ, ಹುಟ್ಟಿದ ಊರು ಕನ್ನಡ ನಾಡಿನದು. ಪಠ್ಯಪುಸ್ತಕಗಳಿಗಿಂತ ಚಿತ್ರ ಬರೆಯುವುದರಲ್ಲಿಯೂ ಯಂತ್ರಗಳನ್ನು ಬಿಚ್ಚಿ ನೋಡುವುದರಲ್ಲಿಯೂ ಅವರಿಗೆ ಹೆಚ್ಚಿನ ಆಸಕ್ತಿ. ತಂದೆಯವರಿಗೆ ಇದು ಹಿಡಿಸಲಿಲ್ಲ. ಆದರೆ ಅಣ್ಣ ರಾಮಚಂದ್ರರಾಯರು ಹಣದ ನೆರವಿತ್ತು ತಮ್ಮನನ್ನು ಮುಂಬಯಿಗೆ ಕಳುಹಿಸಿದರು. 1885ರಲ್ಲಿ ಲಕ್ಷ್ಮಣರಾಯರು ಅಲ್ಲಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು.

ಎರಡು ವರ್ಷಗಳು ಕಳೆಯುವಷ್ಟರಲ್ಲಿ ಒಂದು ಆಘಾತ ಕಾದಿತ್ತು. ಅವರಿಗೆ ಭಾಗಶಃ ವರ್ಣಾಂಧತೆಯಿರುವುದು ಪತ್ತೆಯಾಯಿತು. ನಮ್ಮ ಕಣ್ಣಿನ ಅಕ್ಷಿಪಟಲದಲ್ಲಿ ಬಣ್ಣಗಳನ್ನು ಗುರುತಿಸುವ ಮೂರು ಬಗೆಯ ಶಂಕುಕೋಶಗಳಿವೆ. ಇವುಗಳಲ್ಲಿ ಒಂದು ಬಗೆಯವು ಇಲ್ಲದಿದ್ದರೆ, ಅಥವಾ ಸರಿಯಾಗಿ ಕೆಲಸಮಾಡದಿದ್ದರೆ, ಕೆಲವು ಬಣ್ಣಗಳ ನಡುವಣ ವ್ಯತ್ಯಾಸವು ಕಾಣುವುದಿಲ್ಲ. ಇದು ಹುಟ್ಟಿನಿಂದ ಬರುವ ದೋಷ, ಅಭ್ಯಾಸದಿಂದ ಹೋಗತಕ್ಕದ್ದಲ್ಲ. ವರ್ಣಚಿತ್ರಕಾರನಾಗಬೇಕೆಂದಿದ್ದ ತರುಣನಿಗೆ ಇದಕ್ಕಿಂತ ದೊಡ್ಡ ನಿರಾಶೆ ಯಾವುದಿದ್ದೀತು?

ಆದರೆ ಯಂತ್ರಗಳ ನಕಾಶೆಗೆ ಬಣ್ಣ ಬೇಕಿಲ್ಲ. ರೇಖೆ ಮತ್ತು ಅಳತೆ ಸಾಕು. ಲಕ್ಷ್ಮಣರಾಯರು ಯಾಂತ್ರಿಕ ರೇಖಾಚಿತ್ರವನ್ನು ಕಲಿತು, ಮುಂಬಯಿಯ ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದನ್ನು ಬೋಧಿಸುವ ಸಹಾಯಕ ಅಧ್ಯಾಪಕರಾದರು. ಬಿಡುವಿನ ವೇಳೆಯನ್ನು ಅವರು ಸಂಸ್ಥೆಯ ಕಾರ್ಯಾಗಾರದಲ್ಲಿ ಕಳೆಯುತ್ತಿದ್ದರು. 1888ರಲ್ಲಿ ಅಣ್ಣನೊಡನೆ ಸೇರಿ ಬೆಳಗಾವಿಯಲ್ಲಿ ಒಂದು ಸೈಕಲ್ ಅಂಗಡಿಯನ್ನು ತೆರೆದರು. ತಮ್ಮನು ಮುಂಬಯಿಯಿಂದ ಸೈಕಲ್ಲುಗಳನ್ನು ಕೊಂಡು ಕಳುಹಿಸುವುದು, ಅಣ್ಣನು ಬೆಳಗಾವಿಯಲ್ಲಿ ಮಾರುವುದು. ಇತ್ತ ಸಂಸ್ಥೆಯಲ್ಲಿ ತಮಗೆ ಸಲ್ಲಬೇಕಾಗಿದ್ದ ಬಡ್ತಿಯು ಆಂಗ್ಲೋ-ಇಂಡಿಯನ್ ಸಹೋದ್ಯೋಗಿಯೊಬ್ಬರ ಪಾಲಾದಾಗ ಲಕ್ಷ್ಮಣರಾಯರು ಕೆಲಸವನ್ನು ಬಿಟ್ಟು ಬೆಳಗಾವಿಗೆ ಹಿಂದಿರುಗಿದರು.

ಮೇವು ಕತ್ತರಿಸುವ ಚಕ್ರ

ಬೆಳಗಾವಿಯ ಸಣ್ಣ ಕಾರ್ಯಾಗಾರದಲ್ಲಿ ಅವರು ಮೊದಲಿಗೆ ಕೈಹಾಕಿದ ಯಂತ್ರಗಳಲ್ಲಿ ಒಂದು, ಮೇವು ಕತ್ತರಿಸುವ ಯಂತ್ರ. ಜೋಳದ ದಂಟನ್ನು ಇಡಿಯಾಗಿ ಹಾಕಿದರೆ ದನಗಳು ಎಲೆಯನ್ನು ತಿಂದು ದಂಟನ್ನು ತುಳಿದು ಕೆಡಿಸುತ್ತವೆ. ಸಣ್ಣಗೆ ಕತ್ತರಿಸಿ ಹಾಕಿದರೆ ಬಹುಭಾಗ ಹೊಟ್ಟೆ ಸೇರುತ್ತದೆ. ಬರಗಾಲದ ಸೀಮೆಯಲ್ಲಿ ಇದು ಸಣ್ಣ ಲಾಭವಲ್ಲ.

ಈ ಯಂತ್ರದ ದೊಡ್ಡ ಚಕ್ರವನ್ನು ಗಮನಿಸಿರಿ. ಅಲಗು ದಂಟನ್ನು ಕತ್ತರಿಸುವುದು ಒಂದು ಕ್ಷಣದ ಕೆಲಸ. ಆ ಕ್ಷಣದಲ್ಲಿ ಹೆಚ್ಚು ಬಲ ಬೇಕು. ಕೈಯಾದರೋ ಒಂದೇ ಸಮನೆ ಸ್ವಲ್ಪ ಸ್ವಲ್ಪವಾಗಿ ಶಕ್ತಿಯನ್ನು ಕೊಡಬಲ್ಲುದು. ಇವೆರಡಕ್ಕೂ ನಡುವೆ ಚಕ್ರವು ಸಾಹುಕಾರನಂತೆ ನಿಂತು, ಕೈ ಕೊಟ್ಟ ಶಕ್ತಿಯನ್ನು ಕೂಡಿಟ್ಟು, ಅಲಗಿಗೆ ಬೇಕಾದಾಗ ಒಮ್ಮೆಗೇ ಕೊಡುತ್ತದೆ. ಅಂಚಿನಲ್ಲಿ 20 ಕಿಲೋಗ್ರಾಂ ತೂಕವಿದ್ದು, ಅರ್ಧ ಮೀಟರ್ ತ್ರಿಜ್ಯವಿರುವ ಚಕ್ರವು ಸೆಕೆಂಡಿಗೆ ಒಂದು ಸುತ್ತು ತಿರುಗುತ್ತಿದೆ ಎಂದು ಭಾವಿಸೋಣ. ಅದರಲ್ಲಿ ಸುಮಾರು 100 ಜೂಲ್ ಶಕ್ತಿಯಿರುತ್ತದೆ. ವೇಗವನ್ನು ಇಮ್ಮಡಿ ಮಾಡಿದರೆ ಶಕ್ತಿಯು ನಾಲ್ಕು ಮಡಿಯಾಗುತ್ತದೆ. ಪಠ್ಯಪುಸ್ತಕದಲ್ಲಿ ನಾವು ಬಾಯಿಪಾಠ ಮಾಡುವ ಭ್ರಮಣಶಕ್ತಿಯ ಸೂತ್ರವು ಕೊಟ್ಟಿಗೆಯಲ್ಲಿ ಮಾಡುವ ಕೆಲಸ ಇದು.

ನೇಗಿಲಿನ ಲೆಕ್ಕ

ಮುಂದಿನ ಸಾಹಸ ಕಬ್ಬಿಣದ ನೇಗಿಲು. ನಮ್ಮ ನಾಡಿನಲ್ಲಿ ಮಡಕೆ, ರಂಟೆ, ನೇಗಿಲು ಎಂದು ನಾನಾ ಹೆಸರುಗಳಿಂದ ಕರೆಯಿಸಿಕೊಂಡ ಕಟ್ಟಿಗೆಯ ಸಾಧನವು ಮೂಲತಃ ಒಂದು ಬೆಣೆ. ಅದು ಮಣ್ಣನ್ನು ಸೀಳಿ ಎರಡು ಕಡೆಗೂ ಸರಿಸುತ್ತದೆ, ಮಗುಚುವುದಿಲ್ಲ. ಸಾಲು ಸಾಲುಗಳ ನಡುವೆ ಉಳದ ಪಟ್ಟಿ ಉಳಿದುಬಿಡುತ್ತದೆ. ಆದುದರಿಂದ ಅಡ್ಡಡ್ಡಲಾಗಿ ಮತ್ತೆ ಮತ್ತೆ ಉಳಬೇಕು. ಗರಿಕೆಯ ಬೇರು ಇದಕ್ಕೆ ಜಗ್ಗುವುದೇ ಇಲ್ಲ.

ಕಬ್ಬಿಣದ ನೇಗಿಲಿನಲ್ಲಿ ಕುಳದ ಹಿಂದೆ ತಿರುಚಿದಂತೆ ಬಾಗಿದ ಒಂದು ಹಲಗೆಯಿದೆ. ಕುಳವು ಮಣ್ಣಿನ ಪಟ್ಟಿಯನ್ನು ಅಡಿಯಲ್ಲಿ ಕತ್ತರಿಸುತ್ತದೆ. ಪಟ್ಟಿಯು ಈ ಹಲಗೆಯನ್ನೇರಿ, ಹೊರಳಿ, ಪಕ್ಕದ ಸಾಲಿಗೆ ಬೋರಲಾಗಿ ಬೀಳುತ್ತದೆ. ಕಳೆಯ ಬೇರು ಬಿಸಿಲಿಗೆ ಬರುತ್ತದೆ, ಹಸಿರು ಸೊಪ್ಪು ಅಡಿಗೆ ಸೇರಿ ಗೊಬ್ಬರವಾಗುತ್ತದೆ. ಒಂದೇ ಓಟದಲ್ಲಿ ಇಷ್ಟೂ ಕೆಲಸ.

ಆದರೆ ಎತ್ತುಗಳ ಶಕ್ತಿಗೂ ಒಂದು ಮಿತಿಯುಂಟು. ಎತ್ತು ದಿನವಿಡೀ ದಣಿಯದೆ ಎಳೆಯಬೇಕಾದರೆ ಎಳೆತವು ಅದರ ತೂಕದ ಸುಮಾರು ಹತ್ತನೆಯ ಒಂದು ಪಾಲನ್ನು ಮೀರಬಾರದು. ಒಂದು ಜೋಡಿ ಎತ್ತುಗಳ ತೂಕ 600 ಕಿಲೋಗ್ರಾಂ ಎಂದಿಟ್ಟುಕೊಂಡರೆ, ದೊರೆಯುವ ಎಳೆತ 60 ಕಿಲೋಗ್ರಾಂ ತೂಕದಷ್ಟು. ಇತ್ತ ಮಣ್ಣಿನ ಪ್ರತಿರೋಧವು ಚದರ ಸೆಂಟಿಮೀಟರಿಗೆ 0.4 ಕಿಲೋಗ್ರಾಂ ಎಂದು ಭಾವಿಸಿರಿ. ಸಾಲಿನ ಅಗಲ 15 ಸೆಂಟಿಮೀಟರ್, ಆಳ 10 ಸೆಂಟಿಮೀಟರ್ ಆದರೆ ಕೊಯ್ತವು 150 ಚದರ ಸೆಂಟಿಮೀಟರ್. ಬೇಕಾಗುವ ಎಳೆತ ಸರಿಯಾಗಿ 60 ಕಿಲೋಗ್ರಾಂ. ಆಳವನ್ನು 15ಕ್ಕೆ ಏರಿಸಿದೊಡನೆ ಅದು 90 ಆಗುತ್ತದೆ, ಎತ್ತುಗಳು ಬಾಯಿಬಿಡುತ್ತವೆ. ಪರದೇಶದಲ್ಲಿ ಭಾರಿ ಕುದುರೆಗಳಿಗಾಗಿ ಮಾಡಿದ ನೇಗಿಲನ್ನು ಹಾಗೆಯೇ ತಂದು ನಮ್ಮ ಎತ್ತುಗಳಿಗೆ ಕಟ್ಟಿದರೆ ಫಲವೇನಾದೀತೆಂಬುದನ್ನು ಈ ಲೆಕ್ಕದಿಂದಲೇ ಊಹಿಸಬಹುದು. ಆದುದರಿಂದ ನೇಗಿಲನ್ನು ರೂಪಿಸುವುದೆಂದರೆ ಲೋಹ, ಮಣ್ಣು, ಎತ್ತು ಈ ಮೂರಕ್ಕೂ ಹೊಂದಾಣಿಕೆಯನ್ನು ಕಂಡುಹಿಡಿಯುವುದು.

ವಿಷದ ಭಯ

ಲಕ್ಷ್ಮಣರಾಯರು ನೇಗಿಲನ್ನು ತಯಾರಿಸಿದರು. ಕೊಳ್ಳುವವರಿರಲಿಲ್ಲ! ಕಬ್ಬಿಣವು ಮಣ್ಣಿಗೆ ವಿಷ ಎಂಬ ಮಾತು ಹಬ್ಬಿತ್ತು. ಮೊದಲನೆಯ ನೇಗಿಲು ಮಾರಾಟವಾಗಲು ಎರಡು ವರ್ಷಗಳು ಹಿಡಿದುವೆಂದು ಅವರ ಚರಿತ್ರೆಯಿಂದ ತಿಳಿಯುತ್ತದೆ.

ಇದು ನಮ್ಮ ರೈತರ ಅಜ್ಞಾನವೆಂದು ನಗುವವರು ಅಮೆರಿಕದ ಕಡೆಗೂ ಒಮ್ಮೆ ನೋಡಬೇಕು. ನ್ಯೂಜೆರ್ಸಿಯ ಚಾರ್ಲ್ಸ್ ನ್ಯೂಬೋಲ್ಡ್ ಎಂಬಾತನು 1797ರಲ್ಲಿಯೇ ಎರಕದ ಕಬ್ಬಿಣದ ನೇಗಿಲಿಗೆ ಪೇಟೆಂಟನ್ನು ಪಡೆದಿದ್ದನು. ಅಲ್ಲಿಯ ರೈತರೂ ಇದೇ ಮಾತನ್ನು ಹೇಳಿದರು: ಕಬ್ಬಿಣ ಮಣ್ಣನ್ನು ಕೆಡಿಸುತ್ತದೆ, ಕಳೆ ಹೆಚ್ಚುತ್ತದೆ. ನ್ಯೂಬೋಲ್ಡನ ಪ್ರಯತ್ನ ಸಫಲವಾಗಲಿಲ್ಲ. ಜಾನ್ ಡೀರ್ ತನ್ನ ಪ್ರಸಿದ್ಧ ಉಕ್ಕಿನ ನೇಗಿಲನ್ನು ಮಾಡಿದುದು 1837ರಲ್ಲಿ. ಅಂದರೆ ನಾಲ್ವತ್ತು ವರ್ಷಗಳ ಅನಂತರ. ಸಾಗರಗಳಾಚೆಗಿನ ಎರಡು ದೇಶಗಳಲ್ಲಿ, ಒಬ್ಬರನ್ನೊಬ್ಬರು ಕಾಣದ ರೈತರು ಒಂದೇ ಭಯವನ್ನು ಪಟ್ಟರು. ಭಯವು ಮನುಷ್ಯಸಹಜವಾದುದು.

ಈ ಭಯವನ್ನು ಲೆಕ್ಕಕ್ಕೆ ಒಡ್ಡಿ ನೋಡೋಣ. ಒಂದು ಎಕರೆ ಹೊಲದ ವಿಸ್ತೀರ್ಣ 4,047 ಚದರ ಮೀಟರ್. ಮೇಲಿನ 15 ಸೆಂಟಿಮೀಟರ್ ಮಣ್ಣನ್ನು ಮಾತ್ರ ತೆಗೆದುಕೊಂಡರೆ ಅದು ಸುಮಾರು 600 ಘನಮೀಟರ್. ತೂಕದಲ್ಲಿ ಸುಮಾರು 850 ಟನ್. ಕೆಂಪು ಮಣ್ಣಿನಲ್ಲಿ ನೂರಕ್ಕೆ ನಾಲ್ಕು ಭಾಗ ಕಬ್ಬಿಣವಿದೆಯೆಂದು ಇಟ್ಟುಕೊಂಡರೂ ಆ ಎಕರೆಯಲ್ಲಿ 34 ಟನ್, ಅಂದರೆ 34,000 ಕಿಲೋಗ್ರಾಂ ಕಬ್ಬಿಣವು ಮೊದಲೇ ಇದೆ! ನೇಗಿಲಿನ ಕುಳ ಸವೆದು ಒಂದು ಪೂರ್ತಿ ಕಿಲೋಗ್ರಾಂ ಲೋಹ ಮಣ್ಣಿಗೆ ಬೆರೆತರೂ ಅದು ಇರುವುದರ 34,000ನೆಯ ಒಂದು ಪಾಲು. ಮೇಲಾಗಿ, ಎಲೆಯ ಹಸಿರು ತಯಾರಾಗಲು ಸಸ್ಯಕ್ಕೆ ಕಬ್ಬಿಣವು ಬೇಕೇ ಬೇಕು. ಹಳೆಯ ಕಟ್ಟಿಗೆಯ ನೇಗಿಲಿನ ತುದಿಯಲ್ಲಿಯೂ ಕಬ್ಬಿಣದ ಕುಳವೇ ಇದ್ದಿತೆಂಬುದನ್ನು ಭಯಪಟ್ಟವರು ಮರೆತಿದ್ದರು.

ಹಾಗಾದರೆ ರೈತನ ಸಂದೇಹವು ಕೇವಲ ಮೂಢನಂಬಿಕೆಯೆ? ನಮಗೆ ಹಾಗೆ ತೋರುವುದಿಲ್ಲ. ಪ್ರಯೋಗಶಾಲೆಯಲ್ಲಿ ನಮ್ಮ ಪ್ರಯೋಗವು ಕೆಟ್ಟರೆ ನಾಳೆ ಮತ್ತೆ ಮಾಡಬಹುದು. ರೈತನಿಗೆ ವರ್ಷಕ್ಕೆ ಒಂದೇ ಮುಂಗಾರು. ಆ ಒಂದು ಪ್ರಯೋಗವು ತಪ್ಪಿದರೆ ಮನೆಮಂದಿಯೆಲ್ಲ ವರ್ಷಪೂರ್ತಿ ಅದರ ಫಲವನ್ನು ಉಣ್ಣಬೇಕು. ಪರರ ಮಾತನ್ನು ನಂಬಿ ಹೊಸದನ್ನು ಹಿಡಿಯಲು ಅವನು ಹಿಂಜರಿದರೆ ಅದು ವಿವೇಕವೇ. ಸಂದೇಹವನ್ನು ಪರಿಹರಿಸುವ ಹೊಣೆಯು ಉಪಕರಣವನ್ನು ಮಾಡಿದವನದು. ಅದಕ್ಕೆ ವಾದವು ಸಾಲದು, ಕಣ್ಣೆದುರಿಗೆ ಉತ್ತ ನೆಲವೇ ಬೇಕು. ಲಕ್ಷ್ಮಣರಾಯರು ರೈತರನ್ನು ಜರೆಯಲಿಲ್ಲ, ನೇಗಿಲನ್ನು ಕೈಬಿಡಲೂ ಇಲ್ಲ. ಆ ಎರಡು ವರ್ಷಗಳನ್ನು ನಾವು ವ್ಯರ್ಥಕಾಲವೆಂದು ಎಣಿಸಬಾರದು. ನಕಾಶೆ ಮುಗಿದಾಗ, ಎರಕ ಆರಿದಾಗ ನೇಗಿಲು ಪೂರ್ಣವಾಗಲಿಲ್ಲ. ಹಿಂಜರಿದ ರೈತನೊಬ್ಬನು ಅದರ ಮೇಳಿಯನ್ನು ನಂಬಿಕೆಯಿಂದ ಹಿಡಿದಾಗ ಪೂರ್ಣವಾಯಿತು.

ಕಳ್ಳಿಯ ಬಯಲಿನಲ್ಲಿ ಒಂದು ಊರು

ನೇಗಿಲಿಗೆ ಬೇಡಿಕೆ ಬರುತ್ತಿದ್ದಂತೆಯೇ ಇನ್ನೊಂದು ವಿಪತ್ತು ಬಂದೊದಗಿತು. ಬೆಳಗಾವಿಯಲ್ಲಿ ಹೊಸ ಬಡಾವಣೆಗಾಗಿ ಅವರ ಕಾರ್ಯಾಗಾರದ ಸ್ಥಳವನ್ನು ತೆರವು ಮಾಡಬೇಕಾಯಿತು. ಆಗ ಔಂಧ್ ಸಂಸ್ಥಾನದ ಅರಸರಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರು ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ನೆಲವನ್ನೂ ಸಾಲದ ರೂಪದಲ್ಲಿ ಹಣವನ್ನೂ ಒದಗಿಸಿದರು. ನೆಲವೆಂದರೆ ಕಳ್ಳಿ, ಕಲ್ಲು, ಹಾವುಗಳು. 1910ರ ಮಾರ್ಚಿಯಲ್ಲಿ ಅಲ್ಲಿ ಕೆಲಸ ಮೊದಲಾಯಿತು. ಈಗ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿರುವ ಕಿರ್ಲೋಸ್ಕರವಾಡಿ ಹುಟ್ಟಿದುದು ಹೀಗೆ. ರೈಲು ನಿಲ್ದಾಣಕ್ಕೂ ಈಗ ಅದೇ ಹೆಸರು.

ಕಾರ್ಖಾನೆಯೊಡನೆ ಕೆಲಸಗಾರರ ಊರನ್ನೂ ಕಟ್ಟಿದುದು ಇಲ್ಲಿಯ ವಿಶೇಷ. ಅಪರಾಧಿಗಳೆಂದು ಹೆಸರಾಗಿ ಸೆರೆಮನೆಯನ್ನು ಕಂಡುಬಂದವರಿಗೆ ಲಕ್ಷ್ಮಣರಾಯರು ರಾತ್ರಿಯ ಕಾವಲಿನ ಕೆಲಸವನ್ನು ಕೊಟ್ಟರು. ಅಸ್ಪೃಶ್ಯತೆಗೆ ತಮ್ಮ ಊರಿನಲ್ಲಿ ಎಡೆಯಿರಬಾರದೆಂದರು. ಲೋಹದ ವಿಷಯದಲ್ಲಿ ಜನರ ಪೂರ್ವಗ್ರಹವನ್ನು ಎದುರಿಸಿದವರು ಮನುಷ್ಯರ ವಿಷಯದಲ್ಲಿಯೂ ಅದನ್ನೇ ಮಾಡಿದರು.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಕಬ್ಬಿಣವೂ ಕಲ್ಲಿದ್ದಲೂ ದುರ್ಲಭವಾದರೂ ಕುಲುಮೆಯು ಆರಲಿಲ್ಲ. 1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಎಂಬ ಕಂಪನಿಯು ನೋಂದಣಿಯಾಯಿತು. ನೇಗಿಲು, ಮೇವಿನ ಯಂತ್ರಗಳ ಜೊತೆಗೆ ಶೇಂಗಾ ಬಿಡಿಸುವ ಯಂತ್ರ, ಕಬ್ಬಿನ ಗಾಣ, ನೀರೆತ್ತುವ ಪಂಪುಗಳೂ ತಯಾರಾದುವು. ಶೇಂಗಾ ಬೆಳೆಯುವ ಬಳ್ಳಾರಿ ಸೀಮೆಯವರಿಗೂ, ವಿಜಯನಗರ ಕಾಲದ ಕಾಲುವೆಗಳ ನೀರಿನಲ್ಲಿ ಕಬ್ಬು ಬೆಳೆದು ಆಲೆಮನೆ ಹೂಡುವ ಹೊಸಪೇಟೆ, ಕಂಪ್ಲಿಗಳ ಕಡೆಯವರಿಗೂ ಇವುಗಳ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯಂತ್ರಗಳನ್ನು ಮಾಡುವ ಯಂತ್ರ

ಲಕ್ಷ್ಮಣರಾಯರ ಮಗ ಶಂತನುರಾಯರು ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಯಂತ್ರಶಾಸ್ತ್ರವನ್ನು ಓದಿ 1926ರಲ್ಲಿ ಪದವಿಯನ್ನು ಪಡೆದು ಬಂದರು. ಮುಂದೆ 1941ರಲ್ಲಿ ಮೈಸೂರು ಸಂಸ್ಥಾನದ ಹರಿಹರದಲ್ಲಿ, ತುಂಗಭದ್ರೆಯ ತೀರದಲ್ಲಿ, ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಸ್ಥಾಪಿತವಾಯಿತು. ಅಲ್ಲಿ ತಯಾರಾದುವು ಲೇತುಗಳು, ಎಂದರೆ ಇತರ ಯಂತ್ರಗಳ ಭಾಗಗಳನ್ನು ಕಡೆದುಕೊಡುವ ಯಂತ್ರಗಳು. 1946ರಲ್ಲಿ ಪುಣೆಯಲ್ಲಿ ಎಣ್ಣೆಯ ಎಂಜಿನುಗಳ ಕಂಪನಿಯೂ, ಬೆಂಗಳೂರಿನಲ್ಲಿ ವಿದ್ಯುದ್ಯಂತ್ರಗಳ ಕಂಪನಿಯೂ ಆರಂಭವಾದುವು. ಲಕ್ಷ್ಮಣರಾಯರು ಇವೆಲ್ಲವನ್ನೂ ಕಣ್ಣಾರೆ ಕಂಡು 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು. ಅವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ಭಾರತ ಸರ್ಕಾರವು ಅವರ ಭಾವಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿತು.

ಸಂಸ್ಥೆಗಳು ಚಿರಂಜೀವಿಗಳಲ್ಲ. ಹರಿಹರದ ಆ ಕಾರ್ಖಾನೆಯು ಅನಂತರ ಮುಚ್ಚಿಹೋಯಿತು. ಆದರೆ 1991ರಲ್ಲಿ ಸ್ಥಾಪಿತವಾದ ಕಿರ್ಲೋಸ್ಕರ್ ಫೆರಸ್ ಎಂಬ ಕಂಪನಿಯು ಹೊಸಪೇಟೆಗೆ ಸಮೀಪದಲ್ಲಿರುವ, ಕೊಪ್ಪಳ ಜಿಲ್ಲೆಯ ಬೇವಿನಹಳ್ಳಿಯಲ್ಲಿ ಊದುಕುಲುಮೆಗಳನ್ನು ಕಟ್ಟಿತು. ಹೀಗೆ ಕಿರ್ಲೋಸ್ಕರ್ ಎಂಬ ಹೆಸರು ಸಂಡೂರಿನ ಅದಿರುಬೆಟ್ಟಗಳ ನೆರೆಗೇ ಬಂದು ಸೇರಿತು.

ಆ ಕುಲುಮೆಯಲ್ಲಿ ನಡೆಯುವುದೇನು? ಹೆಮಟೈಟ್ ಎಂಬ ಶುದ್ಧ ಅದಿರಿನ 100 ಕಿಲೋಗ್ರಾಂನಲ್ಲಿ ಸುಮಾರು 70 ಕಿಲೋಗ್ರಾಂ ಕಬ್ಬಿಣ, 30 ಕಿಲೋಗ್ರಾಂ ಆಮ್ಲಜನಕ. ಕೋಕ್ ಉರಿದು ಉಂಟಾಗುವ ಕಾರ್ಬನ್ ಮಾನಾಕ್ಸೈಡ್ ಅನಿಲವು ಅದಿರಿನ ಆಮ್ಲಜನಕವನ್ನು ಕಸಿದುಕೊಳ್ಳುತ್ತದೆ. ಕಬ್ಬಿಣವು ಬೇರೆಯಾಗಿ, ತನ್ನಲ್ಲಿ ನೂರಕ್ಕೆ ಸುಮಾರು ನಾಲ್ಕು ಭಾಗ ಇಂಗಾಲವನ್ನು ಕರಗಿಸಿಕೊಂಡು ಹರಿಯುತ್ತದೆ. ಶುದ್ಧ ಕಬ್ಬಿಣವು ಕರಗಲು 1,538 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಇಂಗಾಲ ಬೆರೆತ ಈ ಬೀಡುಕಬ್ಬಿಣಕ್ಕೆ ಸುಮಾರು 1,200 ಸಾಕು. ಆದುದರಿಂದಲೇ ಅದನ್ನು ಅಚ್ಚಿನಲ್ಲಿ ಎರೆಯುವುದು ಸುಲಭ. ಅದರ ಒಂದು ಪ್ರಕಾರವಾದ ಬೂದುಬಣ್ಣದ ಎರಕದಲ್ಲಿ ಇಂಗಾಲವು ಗ್ರಾಫೈಟಿನ ಸಣ್ಣ ಪದರಗಳಾಗಿ ಹರಡಿರುತ್ತದೆ. ಈ ಪದರಗಳು ಕಂಪನವನ್ನು ಹೀರಿಕೊಳ್ಳುತ್ತವೆ. ಲೇತಿನ ಪೀಠಕ್ಕೂ ಎಂಜಿನಿನ ಸಿಲಿಂಡರ್ ದಿಮ್ಮಿಗೂ ಈ ಕಬ್ಬಿಣವನ್ನೇ ಆರಿಸುವುದಕ್ಕೆ ಇದೂ ಒಂದು ಕಾರಣ.

ಕಲ್ಲೋ, ಉಪಕರಣವೋ?

ಮತ್ತೆ ಬಂಡ್ರಿಗೆ ಬರೋಣ. ಸಂಡೂರಿನ ಬೆಟ್ಟಗಳಿಂದ ದಶಕಗಳ ಕಾಲ ಅದಿರನ್ನು ಅಗೆದು ಹೊರಕ್ಕೆ ಸಾಗಿಸಿದುದು ನಮಗೆಲ್ಲ ಗೊತ್ತು. ಈ ಶತಮಾನದ ಮೊದಲ ದಶಕದಲ್ಲಿ ಅದು ಕಲ್ಲಿನ ರೂಪದಲ್ಲಿಯೇ ಹಡಗೇರಿ ಪರದೇಶಗಳಿಗೆ ಹೋಯಿತು. ಅಗೆತವು ಮಿತಿಮೀರಿ, 2011ರಲ್ಲಿ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸರ್ವೋಚ್ಚ ನ್ಯಾಯಾಲಯವೇ ತಡೆಹಿಡಿಯಬೇಕಾಯಿತು. ಒಂದು ಬುಟ್ಟಿ ಅದಿರು ಕಲ್ಲಾಗಿ ಮಾರಾಟವಾದರೆ ಅಗೆದವನಿಗೆ ಕೂಲಿ, ಬೆಟ್ಟಕ್ಕೆ ಗಾಯ. ಅದೇ ಬುಟ್ಟಿ ನೇಗಿಲಾದರೆ, ಪಂಪಾದರೆ, ಲೇತಾದರೆ, ಅದನ್ನು ಮಾಡಲು ಕಲಿತವರ ಒಂದು ಊರೇ ಬೆಳೆಯುತ್ತದೆ. ಇವೆರಡಕ್ಕೂ ನಡುವಣ ಅಂತರವು ಖನಿಜದಲ್ಲಿಲ್ಲ, ಮನುಷ್ಯನಲ್ಲಿದೆ. ಲಕ್ಷ್ಮಣರಾಯರ ಬಳಿ ಗಣಿಯಿರಲಿಲ್ಲ, ಪದವಿಯಿರಲಿಲ್ಲ, ಬಣ್ಣಗಳನ್ನು ಸರಿಯಾಗಿ ಗುರುತಿಸುವ ಕಣ್ಣೂ ಇರಲಿಲ್ಲ. ಇದ್ದುದು ರೇಖೆ, ಅಳತೆ ಮತ್ತು ತಾಳ್ಮೆ.

ವಿದ್ಯಾರ್ಥಿಮಿತ್ರರೆ, ನಿಮ್ಮ ಊರಿನ ಹೊಲದಲ್ಲಿ, ಕಣದಲ್ಲಿ, ಅಡುಗೆಯ ಮನೆಯಲ್ಲಿ ದಿನವೂ ಬೆನ್ನು ಬಗ್ಗಿಸುವ ಒಂದು ಕೆಲಸವನ್ನು ಆರಿಸಿಕೊಳ್ಳಿರಿ. ಅದಕ್ಕೆ ಎಷ್ಟು ಬಲ ಬೇಕು, ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಅಳೆದು ಬರೆದಿಡಿರಿ. ಅನಂತರ, ಅದನ್ನು ದಿನವೂ ಮಾಡುವವರ ಸಂದೇಹಗಳನ್ನು ಕೇಳಿರಿ. ಆವಿಷ್ಕಾರದ ಮೊದಲ ಪಾಠ ಅಲ್ಲಿಯೇ ದೊರೆಯುತ್ತದೆ.

ಹೊರಡುವ ಮುನ್ನ ನಾವು ಆ ಹಳೆಯ ನೇಗಿಲಿನ ಹಲಗೆಯನ್ನು ಒಂದು ಕಲ್ಲಿನಿಂದ ಉಜ್ಜಿದೆವು. ತುಕ್ಕಿನ ಅಡಿಯಲ್ಲಿ ಲೋಹವು ಬೆಳ್ಳಗೆ ಮಿನುಗಿತು. ಉದುರಿದ ತುಕ್ಕಿನ ಹುಡಿಯು ಅಂಗಳದ ಮಣ್ಣಿನಲ್ಲಿ ಬೆರೆತು, ಯಾವುದು ತುಕ್ಕು, ಯಾವುದು ಮಣ್ಣು ಎಂದು ತಿಳಿಯದಂತಾಯಿತು. "ಇದನ್ನು ಗುಜರಿಗೆ ಹಾಕಬೇಡಿರಿ, ಪ್ರೌಢಶಾಲೆಗೆ ಕೊಡಿರಿ, ಮಕ್ಕಳು ನೋಡಲಿ" ಎಂದು ನಾವು ಕೇಳಿಕೊಂಡೆವು. ಯಜಮಾನರು ನೇಗಿಲಿನ ಮೇಲೆ ಕೈಯಾಡಿಸಿ, "ಅಲ್ಲೀತನಕ ಹೊರಾಕ ಇಬ್ಬರು ಹುಡುಗರನ್ನ ಕಳಸ್ರಿ" ಎಂದರು.